ಕುರಿ ಕಾಯುವ ನಾಯಿ ಮನೆಗೆ ಬಂದಾಗ

ನೀಳವಾದ ಮೂತಿ, ಕತ್ತಿನ ಸುತ್ತ ದಟ್ಟವಾದ ಬಿಳಿಯ ರೋಮ, ತುದಿಯಲ್ಲಿ ತುಸು ಬಾಗಿದ ಕಿವಿ. ಕೋಲಿ ನಾಯಿಯನ್ನು ಒಮ್ಮೆ ಕಂಡವರು ಸುಲಭವಾಗಿ ಮರೆಯುವುದಿಲ್ಲ. ಜಗತ್ತಿಗೆ ಅದರ ಪರಿಚಯ ಮಾಡಿಕೊಟ್ಟಿದ್ದು 1943ರ 'ಲ್ಯಾಸಿ ಕಮ್ ಹೋಮ್' ಚಲನಚಿತ್ರ. 1954ರಿಂದ 1973ರವರೆಗೆ ಅಮೆರಿಕದ ಟೆಲಿವಿಷನ್‌ನಲ್ಲಿ ಲ್ಯಾಸಿಯ ಧಾರಾವಾಹಿಯೂ ಬಂತು. ಆ ಚಿತ್ರದಲ್ಲಿ ಲ್ಯಾಸಿ ಎಂಬ ಹೆಣ್ಣು ನಾಯಿಯಾಗಿ ನಟಿಸಿದ್ದು ಪಾಲ್ ಎಂಬ ಗಂಡು ನಾಯಿ!

ಇಂಥದೊಂದು ನಾಯಿ ನಮ್ಮ ಮನೆಯಲ್ಲೂ ಇರಲಿ ಎಂದು ಯಾರಿಗಾದರೂ ಅನಿಸೀತು. ಆದರೆ ಪಾಲ್ ಪಳಗಿದ ನಟ. ನಾವು ತರುವ ಮರಿಯನ್ನು ಪಳಗಿಸಬೇಕಾದವರು ನಾವೇ. ಅದಕ್ಕೆ ಮೊದಲು ಅದರ ಮೂಲ ಕಸುಬು ಏನೆಂದು ತಿಳಿದಿರಬೇಕು.

ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಕುರಿಗಾಹಿಗಳು ಸಾಕಿದ ನಾಯಿ ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಕ್ಟೋರಿಯಾ ರಾಣಿ ತನ್ನ ಬಾಲ್ಮೊರಲ್ ಅರಮನೆಯಲ್ಲಿ ಕೋಲಿಗಳನ್ನು ಸಾಕಿದ ಮೇಲೆ ಸಿರಿವಂತರ ಮನೆಗಳಿಗೂ ಕಾಲಿಟ್ಟಿತು. ಚದುರಿದ ಕುರಿಗಳನ್ನು ಸುತ್ತುವರಿದು, ಬೊಗಳಿ ಒಂದೆಡೆ ಸೇರಿಸಬೇಕು. ಆದರೆ ಒಂದಕ್ಕೂ ಗಾಯ ಮಾಡಕೂಡದು. ದೂರದಿಂದ ಕೇಳಿಬರುವ ಯಜಮಾನನ ಕೂಗಿಗೆ ಕಿವಿಗೊಟ್ಟಿರಬೇಕು. ಕೋಲಿಯ ಸ್ವಭಾವವೆಲ್ಲ ಈ ಕೆಲಸದಿಂದಲೇ ಬಂದದ್ದು. ಅದು ಸೌಮ್ಯ, ಚುರುಕು, ಮನೆಯವರ ದನಿಯ ಏರಿಳಿತವನ್ನೂ ಗುರುತಿಸಬಲ್ಲದು. ಗದರಿದರೆ, ಹೊಡೆದರೆ ಮುದುಡಿಕೊಳ್ಳುತ್ತದೆ.

ಅಂಗಳದಲ್ಲಿ ಮಕ್ಕಳು ಓಡುತ್ತಿದ್ದರೆ ಕೋಲಿ ಅವರನ್ನು ಸುತ್ತುವರಿದು ಮೂತಿಯಿಂದ ನೂಕುತ್ತದೆ. ಒಮ್ಮೊಮ್ಮೆ ಹಿಮ್ಮಡಿಗೆ ಮೆಲ್ಲನೆ ಬಾಯಿ ಹಾಕುವುದೂ ಉಂಟು. ಹಿರಿಯರು ಗಾಬರಿಯಾಗಿ ಕೋಲು ಹಿಡಿಯುತ್ತಾರೆ. ಪಾಪ, ಅದರ ಲೆಕ್ಕದಲ್ಲಿ ಮಕ್ಕಳು ಚದುರಿದ ಕುರಿಗಳು! ಆಗ ಆಟ ನಿಲ್ಲಿಸಿ ಅದನ್ನು ಹತ್ತಿರ ಕರೆದು, ಚೆಂಡು ಹುಡುಕಿ ತರುವಂಥ ಬೇರೆ ಕೆಲಸ ಕೊಡಬೇಕು. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಿದ ಕೋಲಿ ಮಾತ್ರ ಬೊಗಳಿ ಬೊಗಳಿ ಬೀದಿಯವರ ನಿದ್ದೆ ಕೆಡಿಸುವುದು ಖಂಡಿತ.

ಇದರ ರೋಮ ಎರಡು ಪದರಗಳದು: ಹೊರಗೆ ಉದ್ದವಾದ ಒರಟು ಕೂದಲು, ಒಳಗೆ ಒತ್ತಾದ ಮೆತ್ತನೆಯ ತುಪ್ಪಳ. ವಾರಕ್ಕೆ ಎರಡು ಬಾರಿಯಾದರೂ ಚರ್ಮ ಮುಟ್ಟುವಂತೆ ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಬೇಗ ಗಂಟುಕಟ್ಟುತ್ತದೆ. ಸೆಕೆಯೆಂದು ಮೈಯೆಲ್ಲ ಬೋಳಿಸುವುದು ತಪ್ಪು. ಹೊರಪದರವು ಬಿಸಿಲಿನಿಂದಲೂ ರಕ್ಷಿಸುತ್ತದೆ. ನಮ್ಮ ಬೇಸಿಗೆಯಲ್ಲಿ ನೆರಳು, ಧಾರಾಳ ನೀರು ಒದಗಿಸಿ, ಬೆಳಗಿನ ಹೊತ್ತು ಅಥವಾ ಸಂಜೆ ತಂಪಾದ ಮೇಲೆ ತಿರುಗಾಡಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದ, ಎಷ್ಟೋ ಜನ ಸಾಕುವವರಿಗೆ ತಿಳಿಯದ ವಿಷಯ ಇನ್ನೊಂದಿದೆ. ಕಜ್ಜಿ ಮತ್ತು ಹುಳುಗಳಿಗೆ ಪ್ರಾಣಿಗಳಿಗೆ ಕೊಡುವ ಐವರ್ಮೆಕ್ಟಿನ್ ಎಂಬ ಔಷಧಿ ಕೋಲಿಗೆ ವಿಷವಾಗಬಹುದು. ಸಾಮಾನ್ಯವಾಗಿ ನಾಯಿಗಳ ಮಿದುಳಿನ ರಕ್ತನಾಳಗಳಲ್ಲಿರುವ ಒಂದು ಪ್ರೋಟೀನು ಪಂಪಿನಂತೆ ಕೆಲಸಮಾಡಿ ಇಂಥ ಔಷಧಿಗಳನ್ನು ಹೊರದಬ್ಬುತ್ತದೆ. ಅನೇಕ ಕೋಲಿಗಳಲ್ಲಿ ಈ ಪಂಪನ್ನು ರೂಪಿಸುವ ಎಂಡಿಆರ್-1 ಎಂಬ ಜೀನಿನಲ್ಲೇ ದೋಷವಿರುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಇದನ್ನು ಪತ್ತೆಹಚ್ಚಿದರು. ಅಲ್ಲಿನ ಲೆಕ್ಕದಂತೆ ನೂರಕ್ಕೆ ಸುಮಾರು 70 ಕೋಲಿಗಳಲ್ಲಿ ಈ ದೋಷದ ಒಂದು ಪ್ರತಿಯಾದರೂ ಇದೆ. ಎರಡು ಪ್ರತಿ ಇರುವ ನಾಯಿಗೆ ಅಪಾಯ ಹೆಚ್ಚು. ಔಷಧಿ ಮಿದುಳಿಗೆ ಏರಿದರೆ ನಾಯಿ ತೂರಾಡುತ್ತದೆ, ಕಣ್ಣು ಕಾಣದಂತಾಗುತ್ತದೆ, ಎಚ್ಚರ ತಪ್ಪಿ ಸಾಯಲೂಬಹುದು.

ಹೃದಯದ ಹುಳು ತಡೆಯಲು ಕೊಡುವ ಅತ್ಯಲ್ಪ ಪ್ರಮಾಣದಿಂದ ಈ ತೊಂದರೆಯಿಲ್ಲ. ಕಜ್ಜಿಗೆ ಕೊಡುವುದು ಅದರ ಎಷ್ಟೋ ಪಟ್ಟು. ಮನುಷ್ಯರ ಭೇದಿಗೆ ಬಳಸುವ ಲೋಪೆರಮೈಡ್ ಮಾತ್ರೆಯೂ ಇಂಥ ನಾಯಿಗೆ ಆಗದು. ಆದ್ದರಿಂದ ಅಂಗಡಿಯಿಂದ ನೀವೇ ಔಷಧಿ ತಂದು ಹಾಕಬೇಡಿ. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಸವರಿ ತೆಗೆದ ಮಾದರಿಯಿಂದ ಈ ದೋಷವನ್ನು ಪರೀಕ್ಷಿಸಬಹುದು. ಪರೀಕ್ಷೆ ಆಗಿರದಿದ್ದರೆ ದೋಷವಿದೆಯೆಂದೇ ಭಾವಿಸಿ, "ಇದು ಕೋಲಿ, ಐವರ್ಮೆಕ್ಟಿನ್ ಬೇಡ" ಎಂದು ಲಸಿಕೆ ಪುಸ್ತಕದ ಮೊದಲ ಪುಟದಲ್ಲೇ ದೊಡ್ಡಕ್ಷರದಲ್ಲಿ ಬರೆದಿಟ್ಟು, ಪಶುವೈದ್ಯರಿಗೆ ತೋರಿಸಿ.