ಲೋಲಕದ ಪಾಠಕ್ಕೆ ಗಣಕಯಂತ್ರವೇಕೆ?

ಪಾಠಶಾಲೆಗೆ ಗಣಕಯಂತ್ರ ಬಂದೊಡನೆ ಪಾಠವೂ ಉತ್ತಮಗೊಳ್ಳುವುದೆಂದು ನಾವು ನಂಬಿಬಿಡುತ್ತೇವೆ. ಆದರೆ ಯಂತ್ರವು ತಾನಾಗಿ ಏನನ್ನೂ ಕಲಿಸಲಾರದು. ಅದನ್ನು ಯಾವ ಪಾಠದಲ್ಲಿ, ಯಾವ ಘಟ್ಟದಲ್ಲಿ, ಯಾವ ಪ್ರಶ್ನೆಯೊಡನೆ ಬಳಸಬೇಕೆಂಬುದನ್ನು ಉಪಾಧ್ಯಾಯರೇ ಅರಿಯಬೇಕು. ಈ ಅರಿವು ಒಬ್ಬರಿಂದ ಇನ್ನೊಬ್ಬರಿಗೆ ಹರಿಯದಿದ್ದಲ್ಲಿ, ಎಷ್ಟು ಯಂತ್ರಗಳನ್ನು ತಂದಿಟ್ಟರೂ ಪ್ರಯೋಜನ ಅಲ್ಪವೇ ಸರಿ.

ನಮ್ಮ ರಾಜ್ಯದ ಅನುಭವವೂ ಇದನ್ನೇ ಹೇಳುತ್ತದೆ. 2001ರಲ್ಲಿ ಆರಂಭವಾದ 'ಮಾಹಿತಿ ಸಿಂಧು' ಯೋಜನೆ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸಿತು. ಅಲ್ಲಿ ಗಣಕವೇ ಒಂದು ಪ್ರತ್ಯೇಕ ವಿಷಯ. ಅದಕ್ಕೆ ಪ್ರತ್ಯೇಕ ಬೋಧಕರು. ಗಣಿತ, ವಿಜ್ಞಾನಗಳ ಉಪಾಧ್ಯಾಯರ ಕೈಗೆ ಅದು ಸಾಧನವಾಗಿ ಒದಗುವ ಮಾರ್ಗ ಬೇರೆಯೇ ಆಗಬೇಕಾಗಿತ್ತು. 2011ರಲ್ಲಿ ಆಗಿನ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ 'ವಿಷಯ ಶಿಕ್ಷಕರ ವೇದಿಕೆ'ಯನ್ನು ಆರಂಭಿಸಿದವು. ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಉಪಾಧ್ಯಾಯರು ತಮ್ಮ ಪಾಠಗಳನ್ನೂ ಸಂದೇಹಗಳನ್ನೂ ಪರಸ್ಪರ ಹಂಚಿಕೊಂಡರು. ಹೀಗೆ ಕೂಡಿದ ಸಾಮಗ್ರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರಿನಲ್ಲಿ ಕನ್ನಡದಲ್ಲಿಯೂ ಸಂಗ್ರಹವಾಯಿತು.

ಇದರ ಬೆಲೆ ಹಳ್ಳಿಗಳಲ್ಲಿಯೇ ಹೆಚ್ಚು. ಚಾಮರಾಜನಗರ ತಾಲ್ಲೂಕಿನ ಕುದೇರಿನಂಥ ಊರನ್ನು ನೆನೆಯಿರಿ. ಗ್ರಾಮಾಂತರ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಬೋಧಿಸುವವರು ಅನೇಕ ವೇಳೆ ಒಬ್ಬರೇ. ಸಂದೇಹ ಹುಟ್ಟಿದರೆ ಕೇಳಲು ಅದೇ ವಿಷಯದ ಮತ್ತೊಬ್ಬರು ಪಕ್ಕದ ಕೊಠಡಿಯಲ್ಲಿರುವುದಿಲ್ಲ.

ಹಾಗಾದರೆ ಹಂಚಿಕೊಳ್ಳತಕ್ಕದ್ದು ಏನು? ಸರಳ ಲೋಲಕವನ್ನೇ ನೋಡೋಣ. 1 ಮೀಟರ್ ಉದ್ದದ ದಾರಕ್ಕೆ ಕಟ್ಟಿದ ಗುಂಡು 20 ಬಾರಿ ತೂಗಲು ಸುಮಾರು 40 ಸೆಕೆಂಡು ಬೇಕು. ಉದ್ದವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಎಷ್ಟಾದೀತು? ಉದ್ದ ಕಾಲುಭಾಗವಾದ್ದರಿಂದ 10 ಸೆಕೆಂಡು ಎಂಬ ಉತ್ತರ ಬರುವುದು ಸಹಜ. ಪ್ರಯೋಗ ಹೇಳುವುದಾದರೋ 20 ಸೆಕೆಂಡು! ಈ ಅಚ್ಚರಿಯೇ ಪಾಠದ ಬಾಗಿಲು.

ಇಲ್ಲಿ ಗಣಕಯಂತ್ರ ನೆರವಿಗೆ ಬರುತ್ತದೆ. ವಿದ್ಯಾರ್ಥಿಗಳು ಬೇರೆ ಬೇರೆ ಉದ್ದಗಳಿಗೆ ಪಡೆದ ಆಂದೋಲನಕಾಲಗಳನ್ನು ಕೋಷ್ಟಕದಲ್ಲಿ ತುಂಬಿದೊಡನೆ ಅದು ನಕ್ಷೆ ಬರೆದು ತೋರಿಸುತ್ತದೆ. ಉದ್ದಕ್ಕೆ ಎದುರಾಗಿ ಕಾಲವನ್ನಿಟ್ಟರೆ ಬಾಗಿದ ಗೆರೆ. ಕಾಲದ ವರ್ಗವನ್ನಿಟ್ಟರೆ ನೇರವಾದ ಗೆರೆ. ಆ ಗೆರೆಯ ಓಟ ಸುಮಾರು 4.04. ಅದರಿಂದ 39.48ನ್ನು, ಅಂದರೆ ಪೈ ವರ್ಗದ ನಾಲ್ಕರಷ್ಟನ್ನು, ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ಸುಮಾರು 9.8 ಎಂದು ದೊರೆಯುತ್ತದೆ. ಗುಣಾಕಾರ ಭಾಗಾಕಾರಗಳಿಗೆ ವ್ಯಯವಾಗುತ್ತಿದ್ದ ವೇಳೆ ಆಲೋಚನೆಗೆ ಉಳಿಯುತ್ತದೆ.

ಅನುಕರಣ ಪ್ರಯೋಗಗಳೂ ಉಂಟು. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಯೋಜನೆಯ ಲೋಲಕವನ್ನು ಚಂದ್ರನ ಮೇಲೂ ತೂಗಿಬಿಡಬಹುದು. ಅಲ್ಲಿ 1 ಮೀಟರಿನ ಲೋಲಕಕ್ಕೆ ಒಂದು ಆಂದೋಲನಕ್ಕೆ ಸುಮಾರು 4.9 ಸೆಕೆಂಡು. ಇದನ್ನು ಯಾವ ಶಾಲೆಯೂ ನಿಜವಾಗಿ ಮಾಡಿ ತೋರಿಸಲಾರದು.

ಆದರೂ ದಾರ ಮತ್ತು ಗುಂಡನ್ನು ಬಿಡಲಾಗದು. ತೆರೆಯ ಮೇಲಿನ ಲೋಲಕ ಎಂದಿಗೂ ತಪ್ಪುವುದಿಲ್ಲ. ತಪ್ಪುವುದು ಮನುಷ್ಯನ ಎಣಿಕೆ. ಗುಂಡನ್ನು ಬಿಡುವಾಗಲೇ 'ಒಂದು' ಎಂದು ಎಣಿಸಲಾರಂಭಿಸಿದ ಹುಡುಗ 'ಇಪ್ಪತ್ತು' ಎನ್ನುವಾಗ ಆಗಿರುವುದು 19 ಆಂದೋಲನ ಮಾತ್ರ. ಆಗ ವೇಗೋತ್ಕರ್ಷ 10.8ಕ್ಕೆ ಏರುತ್ತದೆ. ಗಣಕಯಂತ್ರ ಈ ತಪ್ಪಿಗೂ ಅಷ್ಟೇ ಅಂದವಾದ ನೇರ ಗೆರೆಯನ್ನು ಬರೆದುಕೊಡುತ್ತದೆ! ತಪ್ಪನ್ನು ಹಿಡಿಯುವುದು ಉಪಾಧ್ಯಾಯರ ಕಣ್ಣು. 'ಸೊನ್ನೆ'ಯಿಂದ ಎಣಿಸಿರೆಂಬುದು ಅದಕ್ಕೆ ಮದ್ದು.

ಆದುದರಿಂದ ಸಹೋದ್ಯೋಗಿಗಳಿಗೆ ಸಿದ್ಧಪಡಿಸಿದ ಚಿತ್ರವನ್ನಷ್ಟೇ ಕಳುಹಿಸಿದರೆ ಸಾಲದು. ಯಾವ ಪ್ರಶ್ನೆಯಿಂದ ಪಾಠ ಮೊದಲಾಯಿತು, ಮಕ್ಕಳು ಏನೆಂದು ಊಹಿಸಿದರು, ಎಲ್ಲಿ ಎಡವಿದರು ಎಂಬ ನಾಲ್ಕು ಸಾಲುಗಳು ಅದರೊಡನೆ ಹೋಗಬೇಕು. ಯಂತ್ರ ಹಳೆಯದಾಗುತ್ತದೆ, ಆ ನಾಲ್ಕು ಸಾಲುಗಳು ಮುಂದಿನ ವರ್ಷವೂ ಮತ್ತೊಂದು ಊರಿನ ತರಗತಿಯಲ್ಲಿ ಕೆಲಸಕ್ಕೆ ಬರುತ್ತವೆ.