ಒಂದಿಷ್ಟು ತಿದ್ದಲು ಬಿಡಿ

ಸಾಫ್ಟ್‌ವೇರ್ ಕೈಕೊಟ್ಟಿದೆ, ಗ್ರಾಹಕ ಚಾಟ್‌ನಲ್ಲಿ ಸಿಡಿಮಿಡಿಗುಟ್ಟುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಫಿಲಿಪೀನ್ಸ್‌ನ ಕಚೇರಿಯಲ್ಲಿ ಕುಳಿತ ಉದ್ಯೋಗಿಯ ಪರದೆಯ ಮೇಲೆ ಎಐ ಒಂದು ಉತ್ತರ ಸೂಚಿಸುತ್ತದೆ. ಅದನ್ನು ಹಾಗೇ ಕಳಿಸಬಹುದು, ತಿದ್ದಬಹುದು, ಬೇಡವೆನಿಸಿದರೆ ಬಿಡಬಹುದು.

ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಎಂಐಟಿಯ ಇಬ್ಬರು ಸಂಶೋಧಕರು ಇಂಥ 5,000ಕ್ಕೂ ಹೆಚ್ಚು ಉದ್ಯೋಗಿಗಳ ಕೆಲಸವನ್ನು ಜಾಲಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟೆಯೊಂದಕ್ಕೆ ಬಗೆಹರಿದ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಿದ್ದವು. ಹೊಸಬರಲ್ಲಂತೂ ಶೇ 34. ಪಳಗಿದವರಿಗೆ ಮಾತ್ರ ಅಂಥ ಲಾಭವೇನೂ ಆಗಲಿಲ್ಲ. ಆಗುವುದಾದರೂ ಹೇಗೆ? ಎಐ ಪಾಠ ಕಲಿತದ್ದೇ ಅವರ ಹಳೆಯ ಚಾಟ್‌ಗಳಿಂದ! ಇನ್ನೂ ಸ್ವಾರಸ್ಯದ ಸಂಗತಿ: ತಾಂತ್ರಿಕ ತೊಂದರೆಯಿಂದ ಸಲಹೆ ಬರುವುದು ನಿಂತಾಗಲೂ, ಅದನ್ನು ಬಳಸಿದ್ದವರ ಚುರುಕು ಪೂರ್ತಿ ಇಳಿಯಲಿಲ್ಲ. ಅಷ್ಟರಲ್ಲಿ ಅವರೂ ಕಲಿತಿದ್ದರು.

ಇಷ್ಟು ಉಪಯೋಗವಿದ್ದರೂ ಜನ ಹಿಂಜರಿಯುವುದೇಕೆ? ಉದ್ಯೋಗ ಹೋದೀತೆಂಬ ಭಯ ಇದ್ದೇ ಇದೆ. ಅದಲ್ಲದೆ ಇನ್ನೊಂದು ಕಾರಣವನ್ನು ಸಂಶೋಧಕ ಬರ್ಕ್ಲಿ ಡೀಟ್‌ವೋರ್ಸ್ಟ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಗಣಕದ ಅಂದಾಜು ಒಮ್ಮೆ ತಪ್ಪಿದ್ದನ್ನು ಕಂಡವರು, ಅದು ಮನುಷ್ಯರಿಗಿಂತ ಒಟ್ಟಾರೆ ಮೇಲೆಂದು ಗೊತ್ತಿದ್ದರೂ ಕೈಬಿಡುತ್ತಾರೆ. ಮನುಷ್ಯನ ತಪ್ಪಿಗೆ ಸಿಗುವ ಕ್ಷಮೆ ಯಂತ್ರಕ್ಕಿಲ್ಲ.

ಇದಕ್ಕೆ ಮದ್ದನ್ನೂ ಅವರೇ ಹುಡುಕಿದರು. ವಿದ್ಯಾರ್ಥಿಗಳ ಪರೀಕ್ಷಾ ಫಲವನ್ನು ಊಹಿಸುವ ಪ್ರಯೋಗವೊಂದರಲ್ಲಿ, ಯಂತ್ರದ ಅಂದಾಜನ್ನು ತಿದ್ದುವ ಅವಕಾಶ ಸಿಕ್ಕವರು ಅದನ್ನು ಒಪ್ಪಿಕೊಳ್ಳುವುದು ಹೆಚ್ಚಾಯಿತು. 10 ಪರ್ಸೆಂಟೈಲ್ ತಿದ್ದಲು ಬಿಟ್ಟರೂ ಅಷ್ಟೆ, ಬರೀ 2 ತಿದ್ದಲು ಬಿಟ್ಟರೂ ಅಷ್ಟೆ. ಬೇಕಿದ್ದದ್ದು ಹಿಡಿತ, ಅದು ಎಷ್ಟೆಂಬುದು ಮುಖ್ಯವಾಗಲಿಲ್ಲ. ‘ನಾಳೆಯಿಂದ ಎಲ್ಲರೂ ಎಐ ಬಳಸತಕ್ಕದ್ದು’ ಎಂದು ಸುತ್ತೋಲೆ ಹೊರಡಿಸುವ ಮ್ಯಾನೇಜರುಗಳು ಇದನ್ನು ಓದಿದಂತಿಲ್ಲ.

ಹಾಗೆಂದು ಹುರಿದುಂಬಿಸಿ ಸುಮ್ಮನಾದರೆ ಸಾಲದು. 2023ರಲ್ಲೇ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ 758 ಸಲಹೆಗಾರರ ಮೇಲೆ ಹಾರ್ವರ್ಡ್ ಮತ್ತಿತರ ಸಂಸ್ಥೆಗಳ ಸಂಶೋಧಕರು ಪ್ರಯೋಗ ನಡೆಸಿದರು. ಹಲವು ಕೆಲಸಗಳಲ್ಲಿ ಎಐ ಬಳಸಿದವರೇ ಮುಂದು. ಆದರೆ ಎಐಗೆ ನಿಲುಕದಂಥದ್ದೆಂದು ಬೇಕೆಂದೇ ಆರಿಸಿದ್ದ ಕೆಲಸದಲ್ಲಿ, ಸರಿಯುತ್ತರ ಕೊಟ್ಟವರ ಪ್ರಮಾಣ ಎಐ ಬಳಸದವರಿಗಿಂತ ಶೇಕಡಾವಾರು 19 ಅಂಶ ಕಡಿಮೆ. ಎಐ ಕೊಟ್ಟ ನಯವಾದ ತಪ್ಪನ್ನು ನಂಬಿಬಿಟ್ಟಿದ್ದರು! ಆದ್ದರಿಂದ ತರಬೇತಿಯಲ್ಲಿ ಎಐ ಎಡವುವ ಜಾಗಗಳನ್ನೂ ಆಯಾ ವಿಭಾಗದ ಕಡತಗಳನ್ನೇ ಇಟ್ಟುಕೊಂಡು ತೋರಿಸಬೇಕು.

ಉಳಿದದ್ದು ಸಂಬಳದ ಮಾತು. ಯಾರ ಚಾಟ್‌ಗಳಿಂದ ಯಂತ್ರ ಕಲಿಯಿತೋ ಆ ಹಿರಿಯರಿಗೆ ಸಿಗುವುದೇನು ಎಂಬ ಪ್ರಶ್ನೆಯನ್ನು ಬ್ರಿನ್ಯೋಲ್ಫ್‌ಸನ್ ತಂಡವೂ ಎತ್ತಿದೆ. ತನ್ನ ಕಸುಬಿನ ಗುಟ್ಟನ್ನು ಪುಕ್ಕಟೆಯಾಗಿ ಕೊಟ್ಟು, ಅದರಿಂದಲೇ ಹೊಸಬ ತನ್ನ ಸಮಕ್ಕೆ ಬರುವುದನ್ನು ನೋಡುವ ನೌಕರ ಉತ್ಸಾಹ ತೋರದಿದ್ದರೆ, ಅದು ತಂತ್ರಜ್ಞಾನದ ಭಯವಲ್ಲ.