ಹೆಳವರಿಲ್ಲದವರ ವಂಶಾವಳಿ

ಹನಕೆರೆಯಂಥ ನಮ್ಮ ಮಂಡ್ಯ ಸೀಮೆಯ ಊರುಗಳಲ್ಲಿ ಮನೆತನದ ಮೂಲ ತಿಳಿಯಬೇಕೆಂದರೆ ಹೆಳವರು ಬರುವವರೆಗೆ ಕಾದರಾಯಿತು. ಜಗಲಿಯ ಮೇಲೆ ಕೂತು, ಮುತ್ತಾತ ಯಾವ ಊರಿಂದ ಬಂದ, ಅವನಿಗೆ ಎಷ್ಟು ಮಕ್ಕಳು ಎಂಬುದನ್ನೆಲ್ಲ ಒಪ್ಪಿಸಿ, ದವಸವೋ ದುಡ್ಡೋ ಪಡೆದು ಹೋಗುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳಿಗೆ ಹಾಗೆ ಹೇಳುವವರಿಲ್ಲ. ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಕಾಗದಪತ್ರ ಹಿಡಿದು ಹಿಂದೆ ಹೋದರೆ ದಾರಿ ಬೇಗ ಮುಚ್ಚಿಹೋಗುತ್ತದೆ: ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿ ಹೊಸ ಹೆಸರಿಟ್ಟ ಮೇಲೆ ತಾಯಿ ಕರೆದ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಉಳಿದದ್ದು ರಕ್ತ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ನಡೆಸಿದ ಸಿದ್ದಿಗಳ ಡಿಎನ್‌ಎ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವೈ ಕ್ರೋಮೋಸೋಮು ತಂದೆಯಿಂದ ಮಗನಿಗೆ, ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿಯುತ್ತದೆ. ಇವೆರಡೂ ಆಫ್ರಿಕಾದ ಬಾಂಟು ಭಾಷಿಕರ ಕಡೆಗೆ ಬೆರಳು ತೋರಿದವು. ಉಳಿದ ಡಿಎನ್‌ಎ ಅಜ್ಜಿಯ ಸೀರೆಯಿದ್ದಂತೆ. ಒಂದೊಂದು ತಲೆಮಾರೂ ಹರಿದು ಹಂಚಿಕೊಳ್ಳುತ್ತದೆ, ತುಂಡು ಚಿಕ್ಕದಾಗುತ್ತ ಬರುತ್ತದೆ. ಆಫ್ರಿಕನ್ ತುಂಡುಗಳ ಉದ್ದ ಅಳೆದರೆ ನೆರೆಯವರೊಂದಿಗೆ ರಕ್ತ ಬೆರೆತು ಎಷ್ಟು ತಲೆಮಾರಾಯಿತೆಂದು ಲೆಕ್ಕ ಸಿಗುತ್ತದೆ. ಸಿದ್ದಿಗಳಲ್ಲಿ ಬಂದ ಲೆಕ್ಕ ಸುಮಾರು 8 ತಲೆಮಾರು, ಅಂದರೆ 200 ವರ್ಷ. ಇದು ಬೆರೆತ ಕಾಲವೇ ಹೊರತು ಹಡಗಿನಿಂದ ಇಳಿದ ಕಾಲವಲ್ಲ. ಎಷ್ಟೋ ಕಡೆ ಇವೆರಡನ್ನೂ ಒಂದೇ ಮಾಡಿ ಬರೆಯುತ್ತಾರೆ. ಹೆಳವರು ಹೇಳುವಂತೆ ಊರಿನ ಹೆಸರನ್ನಂತೂ ಡಿಎನ್‌ಎ ಹೇಳದು.

ಮನೆಯೊಳಗಿನ ಗುರುತುಗಳನ್ನು ಓದುವಾಗ ಎಚ್ಚರ ಬೇಕು. ಡಮಾಮಿ ಕುಣಿತ ನೋಡಿದ ಕೂಡಲೇ ಆಫ್ರಿಕಾ ಅನ್ನುತ್ತೇವೆ. ಹೆಂಗಸರು ಹಳೇ ಸೀರೆ ತುಂಡುಗಳಲ್ಲಿ ಹೊಲಿಯುವ ಕವಂದಿಯನ್ನು ಹಾಗೆ ಅನ್ನಲು ನನಗೆ ಧೈರ್ಯವಿಲ್ಲ. ಇಂಥದೇ ಕೌದಿ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇದೆ. ಆದರೆ ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ನಾಲ್ಕು ಮೂಲೆಗೂ ಮಡಚಿ ಕೂರಿಸಿದ ತ್ರಿಕೋನದ ‘ಫೂಲ’ ನೋಡಿದರೆ ಇದು ಸಿದ್ದಿ ಹೆಂಗಸಿನ ಕೈ ಎಂದು ತಿಳಿಯುತ್ತದೆ. ಫೂಲವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಇನ್ನೂ ಗಟ್ಟಿಯಾದ ಗುರುತು ಹಿರಿಯರ ಪೂಜೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಯಲ್ಲಾಪುರದ ಹತ್ತಿರದ ಸಾತುಂಬೈಲಿನಲ್ಲಿ ಹಿರಿಯರ ದೈವವಾದ ಸಿದ್ದಿನಾಸನ ಮುಂದೆ ಮೂರೂ ಮತದವರು ಸೇರುತ್ತಾರೆ.

ಸರ್ಕಾರಿ ಕಚೇರಿಯಲ್ಲಿ ಹೊಲಿಗೆಯೂ ನಡೆಯದು, ಡಿಎನ್‌ಎಯೂ ನಡೆಯದು. ಅಲ್ಲಿ ಕೇಳುವುದು ಜಾತಿ ಪ್ರಮಾಣಪತ್ರ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಪಕ್ಕದ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿರುವ ಅದೇ ಬಳಗದವರು 2020ರವರೆಗೆ ಕಾಯಬೇಕಾಯಿತು.